ಷರಾ

ಹನ್ನೊಂದನೇ ತೂಬಿನ ಪಕ್ಕ, ನೀರಳೆಯುವ ಕಲ್ಲಿಗೆ ಎದುರಾಗಿ
ಯಾರೋ ನೆಟ್ಟು ಮರೆತ ಬಿದಿರು ಗಳು.
ಅದರ ತುದಿಯಲ್ಲಿ ಅವನು.
ಎಂಟೂವರೆಗೆ ನಾನು ಸೈಕಲ್ಲು ಒರಗಿಸುವಷ್ಟರಲ್ಲಿ
ಅವನ ಹಾಜರಿ ಬಿದ್ದು ಎಷ್ಟೋ ಹೊತ್ತಾಗಿರುತ್ತದೆ.

ಕೊಪ್ಪಲಿನ ಮಕ್ಕಳಿಗೆ ಏರೋಪ್ಲೇನ್ ಚಿಟ್ಟೆ.
ಚಿಟ್ಟೆಯಂತೆ ಚಿಟ್ಟೆ!
ನನ್ನ ನಡುಬೆರಳಿನುದ್ದ,
ಕರಿ ಮೈಗೆ ಅರಿಶಿನದ ಪಟ್ಟೆ,
ಬಾಲದ ಕೊನೆಗೆ ಎರಡು ಪುಟ್ಟ ಮೊರ,
ಬೂದುನೀಲಿ ಕಣ್ಣೆರಡರ ನಡುವೆ ಒಂದು ಬದುವಿನಷ್ಟು ಜಾಗ.
ನಾಲ್ಕೂ ರೆಕ್ಕೆ ಮುಂದಕ್ಕೆ ಬಾಗಿ
ನಾಟಿ ಮುಗಿಸಿ ಕೈ ಇಳಿಬಿಟ್ಟು ನಿಂತ ಆಳಿನ ಹಾಗೆ.

ಅವನ ಸರಹದ್ದು ಇಷ್ಟೇ:
ಈ ಗಳುವಿನಿಂದ ಆ ಬಟ್ಟೆ ಒಗೆಯುವ ಕಲ್ಲಿನ ತನಕ.
ನನ್ನದು ನಾಲ್ಕು ಊರು, ನೂರ ಎಪ್ಪತ್ತು ಎಕರೆ,
ಒಂದು ಹಾರೆ, ಒಂದು ಕೀಲಿ, ನೀಲಿ ರಟ್ಟಿನ ಒಂದು ಪುಸ್ತಕ.

ಏಳುತ್ತಾನೆ. ಎದ್ದದ್ದು ಕಾಣುವುದಿಲ್ಲ,
ಗಳುವಿನ ತುದಿ ನಡುಗಿದ್ದು ಕಾಣುತ್ತದೆ.
ಮರಳಿ ಕೂತಾಗ ಬಾಯಲ್ಲೊಂದು ಜೇನುಹುಳ,
ಆಲೆಮನೆಯ ಕೊಪ್ಪರಿಗೆ ಹುಡುಕಿ ಹೊರಟಿದ್ದದ್ದು.
ಕಿವಿಗೊಟ್ಟರೆ ಅಗಿಯುವ ಸದ್ದೂ ಕೇಳುತ್ತದೆ,
ಹುರಿಗಡಲೆ ಕಡಿದ ಹಾಗೆ, ಬಲು ಸಣ್ಣಗೆ.
ಜೇನಿನ ರೆಕ್ಕೆ ನೀರಿಗೆ ಬಿದ್ದು ತೇಲುತ್ತವೆ
ಕಡೇ ಗದ್ದೆಯ ಕಡೆಗೆ. ಅಲ್ಲಿಗೆ ಅಷ್ಟಾದರೂ ಮುಟ್ಟಲಿ.

ನಡುಮಧ್ಯಾಹ್ನ ನೆತ್ತಿ ಸುಡುವಾಗ
ತಲೆ ತಗ್ಗಿಸಿ, ಬಾಲ ಎತ್ತಿ
ನೇರ ಸೂರ್ಯನಿಗೆ ಗುರಿಯಿಟ್ಟು ನಿಲ್ಲುತ್ತಾನೆ.
ಕೊಬ್ಬು ಅಂದುಕೊಂಡಿದ್ದೆ.
ಆಮೇಲೆ ತಿಳಿಯಿತು: ಹಾಗೆ ನಿಂತರೆ
ಬಿಸಿಲಿಗೆ ಸಿಗುವುದು ಬಾಲದ ತುದಿಯ ಒಂದು ಚುಕ್ಕೆ.
ನಾನೂ ಹಾರೆಯ ನೆರಳಿಗೆ ಮುಖ ಕೊಟ್ಟು ಕೂತವನೇ.

ಹೋದ ಭಾದ್ರಪದದಲ್ಲಿ ಕೆಳಗಿನಿಂದ ಇನ್ನೊಬ್ಬ ಬಂದ.
ರೆಕ್ಕೆಗೆ ರೆಕ್ಕೆ ತಾಗಿ
ಒಣಗಿದ ಕಬ್ಬಿನ ಸೋಗೆ ತಿಕ್ಕಿದಂಥ ಸದ್ದು.
ಅದೇ ಹೊತ್ತಿಗೆ ಏರಿಯ ಮೇಲೆ ಹಲಗೇಗೌಡ, ದ್ಯಾವಾಜಮ್ಮ:
"ನಿನ್ ಸರದಿ ಮುಗ್ದು ಯಾವ ಕಾಲಾಯ್ತು!"
"ಮುಗ್ದಿದ್ರೆ ಸೌಡಿ ಹೇಳ್ಲಿ, ನೀನ್ಯಾವನ್ಲಾ?"
ಮೇಲಿನದು ಏಳು ಉಸಿರಿಗೆ ಇತ್ಯರ್ಥ.
ಕೆಳಗಿನದು ಪಂಚಾಯಿತಿ ಕಟ್ಟೆ ಹತ್ತಿ
ಇನ್ನೂ ಇಳಿದಿಲ್ಲ.

ಒಂದು ಸಂಜೆ ಅವಳು ಬಂದಳು.
ಬಾಲದ ತುದಿ ನೀರಿಗೆ ತಾಗಿಸಿ ಎತ್ತಿ, ತಾಗಿಸಿ ಎತ್ತಿ
ಚುಕ್ಕಿ ಇಟ್ಟಳು, ಎಳೆ ಎಳೆಯದೆ ಹೋದಳು.
ಹರಿವ ನೀರಿನ ಮೇಲೆ ಯಾವ ರಂಗೋಲಿ?

ಆಮೇಲೆ ನಾಲೆ ನಿಂತಿತು.
ಕೆಸರು ಬಗೆದು ಮೊಮ್ಮಗಳು ಸಿಂಚನ
"ತಾತ, ಜೇಡ" ಅಂದಳು.
ಜೇಡವಲ್ಲ. ಚಪ್ಪಟೆ, ಕೆಸರಿನದೇ ಬಣ್ಣ,
ಮೂತಿಯ ಕೆಳಗೆ ಮಡಚಿಟ್ಟುಕೊಂಡ ಒಂದು ಕೈ.
ಬಕೆಟ್ಟಿಗೆ ಬಿಟ್ಟಳು. ಒಂದು ಗೊದಮೊಟ್ಟೆಯನ್ನೂ ಬಿಟ್ಟಳು.
ಕೈ ಚಾಚಿತು, ಮಡಚಿತು.
ಬಕೆಟ್ಟಿನಲ್ಲಿ ಉಳಿದದ್ದು ಒಂದೇ.
"ಕಳ್ಳ ಇದು" ಅಂತ ಅತ್ತಳು. ಮಾರನೇ ದಿನ
ಇನ್ನೊಂದು ಗೊದಮೊಟ್ಟೆ ಹಿಡಿದು ತಂದವಳೂ ಅವಳೇ.
ತೂಬಿನ ಬುಡದ ಮಡುವಿಗೆ ಸುರಿದು ಬಂದೆವು.

ಇವತ್ತು ನೀರಳೆಯುವ ಕಲ್ಲಿನ ಮೇಲೆ,
ಎರಡೂಮುಕ್ಕಾಲು ಅಡಿಯ ಗೆರೆಗೆ ಸರಿಯಾಗಿ,
ಒಂದು ಖಾಲಿ ಮೈ.
ಬೆನ್ನು ಬಿರಿದು, ಒಳಗೆ ನಾಲ್ಕು ಬಿಳಿ ದಾರ,
ಕಣ್ಣಿದ್ದ ಕಡೆ ಗಾಜು.
ಬಿಟ್ಟು ಹೋದವನ ಉಗುರು ಮಾತ್ರ
ಕಲ್ಲು ಬಿಟ್ಟಿಲ್ಲ.

ಪುಸ್ತಕದಲ್ಲಿ ತಾರೀಖು, ತೂಬು, ಅಡಿ, ಅಂಗುಲ,
ಕೊನೆಗೆ ಷರಾ.
ಹತ್ತೊಂಬತ್ತು ವರ್ಷ ಅಲ್ಲಿ "ಏನೂ ಇಲ್ಲ" ಬರೆದಿದ್ದೇನೆ.
ಇವತ್ತು ಬರೆದೆ: ಒಂದು ಅಂಗಿ, ಹರಿದದ್ದು.

ಅಖಿಲಾ ಮೇಡಂ ಜೀಪಿನಲ್ಲೇ ಕೂತು ಓದಿದರು.
"ಯಾರದ್ರೀ ಬೋರಲಿಂಗಯ್ಯ?"
ಗಳುವಿನ ಕಡೆ ಕೈ ತೋರಿಸಿದೆ.
ತುದಿ ನಡುಗುತ್ತಿತ್ತು.